ಹಿಂದಕ್ಕೆ ಬರುವ ವಿದ್ಯೆ

ಬೋಟ್ ಯಾರ್ಡಿನ ಬೀಗದ ಕೈಗಳ ಗೊಂಚಲು ಬರುವ ಭಾನುವಾರ ಭಾಮೈದನ ಕೈ ಸೇರಲಿದೆ ಎಂಬ ಸುದ್ದಿ ರಿವರ್ಸ್ ಮಾಸ್ತರನಿಗೆ ತಿಳಿದದ್ದು ಊಟದ ಮೇಜಿನಲ್ಲಿ, ಬಾಯಲ್ಲಿ ತುತ್ತಿರುವಾಗ.

"ಇನ್ಮೇಲೆ ಯಾರ್ಡು ನನ್ನ ಮಗ ನೋಡ್ಕೊಳ್ಳಲಿ," ಎಂದರು ಮಾವ. "ಕಲಿಸೋಕೆ ಹೇಗೂ ನೀವು ಇದ್ದೇ ಇರ್ತೀರಲ್ಲ, ಅಳಿಯಂದ್ರೇ."

ಇದ್ದೇ ಇರ್ತೀರಲ್ಲ! ಮೂಲೆಯ ಕಪಾಟಿನ ಬಗ್ಗೆ ಆಡಬಹುದಾದ ಮಾತು. ಮಾಸ್ತರ ತುತ್ತನ್ನು ನುಂಗಿದ.

ಊರಿನಲ್ಲಿ ಬೋಟಿನ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧದಷ್ಟು ಜನ ಅವನ ಶಿಷ್ಯರು. ಮುಂದಕ್ಕೆ ಓಡಿಸುವುದನ್ನು ಯಾರು ಬೇಕಾದರೂ ಕಲಿಸಬಲ್ಲರು ಎಂಬುದು ಅವನ ಮತ. ಒಂಟಿ ಎಂಜಿನ್ನಿನ ಬೋಟನ್ನು ಹಿಂದಕ್ಕೆ ತರುವುದೇ ವಿದ್ಯೆ; ರಿವರ್ಸ್ ಮಾಸ್ತರನೆಂಬ ಹೆಸರು ಬಂದದ್ದೂ ಅದರಿಂದಲೇ. ರಿವರ್ಸ್ ಗೇರಿನಲ್ಲಿ ಅದಕ್ಕೆ ಚುಕ್ಕಾಣಿಯ ಮೇಲೆ ಗೌರವವಿರುವುದಿಲ್ಲ. ಪ್ರೊಪೆಲ್ಲರ್ ತಿರುಗುವ ದಿಕ್ಕಿಗೆ ಸೋತು, ಚಕ್ರವನ್ನು ಹೇಗೆ ತಿರುಗಿಸಿದರೂ ಹಿಂಭಾಗ ಎಡಕ್ಕೇ ಜಾರುತ್ತದೆ. "ಬೋಟಿನ ಜೊತೆ ಜಗಳ ಆಡ್ಬೇಡಿ," ಎಂದು ಅವನು ಶಿಷ್ಯರಿಗೆ ಹೇಳುತ್ತಿದ್ದ. "ಎಡಕ್ಕೆ ಹೋಗ್ತೀಯಾ, ಹೋಗಮ್ಮ ಅನ್ನಿ. ಗೇರ್ ಬಿಡಿ. ಚಕ್ರ ಪೂರ್ತಿ ಎಡಕ್ಕೆ ತಿರುಗಿಸಿ ಮುಂದಕ್ಕೆ ಒಂದೇ ಒಂದು ತಳ್ಳು ಕೊಡಿ. ಮೂತಿ ಎಡಕ್ಕೆ ಹೊರಳುತ್ತೆ, ಬಾಲ ಬಲಕ್ಕೆ ಬರುತ್ತೆ. ಆಮೇಲೆ ಮತ್ತೆ ಹಿಂದಕ್ಕೆ. ತಳ್ಳು, ಬಿಡು, ಕಾಯಿ. ಸಂಸಾರನೂ ಹೀಗೇ."

ಭಾಮೈದನಿಗೆ ಈ ಕಾಯುವ ಭಾಗವೇ ಒಗ್ಗದು. ಮಾವನ ಹಳೆಯ ಮರದ ಬೋಟು ನಿಲ್ಲುವ ಇಕ್ಕಟ್ಟಾದ ಗೂಡಿನ ಬಾಯಲ್ಲಿ, ಎಡಬದಿಗೆ, ಒಂದು ಕಂಬವಿತ್ತು. ಭಾಮೈದ ಬೋಟು ಹೊರತೆಗೆದಾಗಲೆಲ್ಲ ಅದರ ಮೇಲೆ ಹೊಸದೊಂದು ಗೀರು ಬೀಳುತ್ತಿತ್ತು.

"ನಾನು ಕಂಬಕ್ಕೆ ಗುದ್ದಲ್ಲ ಭಾವ. ಕಂಬನೇ ಅಡ್ಡ ಬರುತ್ತೆ."

"ಹೌದಪ್ಪಾ, ನಿನ್ನ ಕಂಡ್ರೆ ಅದಕ್ಕೆ ಎಲ್ಲಿಲ್ಲದ ಪ್ರೀತಿ," ಎನ್ನುತ್ತಿದ್ದ ಮಾಸ್ತರ. ಇಡೀ ಮನೆಗೆ ಕೇಳುವಂತೆ ಸೇರಿಸುತ್ತಲೂ ಇದ್ದ: "ಆ ಕಂಬ ಮುಟ್ಟದೆ ಹಿಂದಕ್ಕೆ ಬರೋನು ಈ ಊರಲ್ಲಿ ನಾನೊಬ್ಬನೇ. ಬೇಕಾದ್ರೆ ಮಾವನ್ನೇ ಕೇಳು." ಒಂದು ಕಾಲಕ್ಕೆ ತಾವೂ ನಿಪುಣರಾಗಿದ್ದ, ಈಗ ಭುಜನೋವಿನಿಂದ ಚಕ್ರ ತಿರುಗಿಸಲಾರದ ಮಾವ ತಲೆಯಾಡಿಸುತ್ತಿದ್ದರು. ಅತ್ತೆ ಕೇಳಿಸಿಕೊಳ್ಳುತ್ತಲೇ ಬಡಿಸುತ್ತಿದ್ದರು.

ಯೋಜನೆ ಹುಟ್ಟಿದ್ದು ಕೈ ತೊಳೆಯುವಾಗ. ಮಾವ ಮಗನ ಎಲ್ಲ ತಪ್ಪುಗಳನ್ನೂ ಕ್ಷಮಿಸಿಯಾರು, ಆದರೆ ಆ ಮರದ ಬೋಟಿನ ವಿಷಯದಲ್ಲಿ ಅಲ್ಲ. ಅವರು ದುಡಿಮೆ ಶುರುಮಾಡಿದ್ದೇ ಅದರಲ್ಲಿ. ಹೇಳದೆ ಕೇಳದೆ ಮಗ ಅದನ್ನು ಮೋಜಿಗೆ ಒಯ್ದು, ಹೊಳೆಯ ತಿರುವಿನಾಚೆಯ ಬಂಡೆಗಳಿಗೆ ಹತ್ತಿಸಿ, ಬಿಟ್ಟು ಓಡಿಬಂದರೆ? ಗೊಂಚಲು ತಾನಾಗಿಯೇ ದಾರಿ ಬದಲಿಸುತ್ತದೆ.

ಮಾಸ್ತರ ಅವಸರದ ಮನುಷ್ಯನಲ್ಲ. ತಳ್ಳು, ಬಿಡು, ಕಾಯಿ. ಮೊದಲು ಭಾಮೈದನ ದಿನಚರಿಯನ್ನು ಗಮನಿಸಿದ. ಮಧ್ಯಾಹ್ನ ಎಲ್ಲರೂ ಊಟಕ್ಕೆಂದು ರಸ್ತೆಯಾಚೆಯ ಮನೆಗೆ ಹೋದಾಗ ಅವನು ಬೋಲ್ಟು ತರುವ ನೆಪದಲ್ಲಿ ಮಾಯವಾಗುತ್ತಿದ್ದ. ಬೋಲ್ಟು ಮಾತ್ರ ಎಂದೂ ಬರುತ್ತಿರಲಿಲ್ಲ. ಅವನು ಹೋಗುತ್ತಿದ್ದದ್ದು ಕನ್ನಡಕದಂಗಡಿಯ ಹುಡುಗಿಯ ಬಳಿಗೆ. ಅವಳ ಹೆಸರನ್ನು ಅವನು ನಾಲಗೆ ಹೋದರೂ ತಂದೆಯೆದುರು ಎತ್ತುವವನಲ್ಲ. ಎಂದರೆ, ತಾನು ಎಲ್ಲಿದ್ದೆ ಎಂದು ಹೇಳಲಾರದ ಆರೋಪಿ ಸಿದ್ಧ.

ಇನ್ನು ತನ್ನ ರಕ್ಷಣೆ. ಬೇಗ ಉಂಡು ಯಾರ್ಡಿನ ಹಗ್ಗದ ಕೋಣೆಯಲ್ಲಿ ಮಲಗುವುದು ಮಾಸ್ತರನ ಹಳೆಯ ರೂಢಿ, ಅವನ ಗೊರಕೆ ಜಗಜ್ಜಾಹೀರು. "ನಾನೆಲ್ಲಿ ಗೊರಕೆ ಹೊಡೀತೀನಿ?" ಎಂದು ವಾದಿಸಿದ್ದಕ್ಕೆ ಹೆಂಡತಿ ಅದನ್ನು ರೆಕಾರ್ಡ್ ಮಾಡಿ ಅವನ ಫೋನಿಗೇ ಕಳಿಸಿದ್ದಳು. ದಾಂಪತ್ಯದಲ್ಲಿ ಸೋತ ಆ ವ್ಯಾಜ್ಯ ಹೀಗೆ ಉಪಯೋಗಕ್ಕೆ ಬಂದೀತೆಂದು ಯಾರು ಎಣಿಸಿದ್ದರು?

ಶುಕ್ರವಾರ ಗಾಳಿ ಬಿದ್ದಿತ್ತು. ಅವನು ಜೆಟ್ಟಿಗೆ ಬಂದಾಗ ಅತ್ತೆ ಸೆರಗು ಸಿಕ್ಕಿಸಿ, ಗೀರುಗಳಿಂದ ಕುರೂಪಗೊಂಡ ಕಂಬಕ್ಕೆ ಹಳದಿ ಬಣ್ಣ ಬಳಿದು ಮುಗಿಸುತ್ತಿದ್ದರು.

"ಭಾನುವಾರ ನಾಲ್ಕು ಜನ ಬರ್ತಾರೆ, ಚೆನ್ನಾಗಿ ಕಾಣ್ಲಿ. ಮುಟ್ಬೇಡಿ ಅಳಿಯಂದ್ರೇ, ಹಸಿ ಇದೆ. ಸಂಜೆ ಬಂದು ಇನ್ನೊಂದು ಸಲ ಬಳೀತೀನಿ."

"ನಾನು ಮುಟ್ತೀನಾ ಅತ್ತೆ?" ಎಂದು ಅವನು ನಕ್ಕ.

ಯೋಜನೆ ಮುಂದೂಡಬೇಕೇ ಎಂದು ಒಂದು ಗಳಿಗೆ ಯೋಚಿಸಿದ. ಬೋಟು ಉಜ್ಜಿದರೆ ಬಣ್ಣ ಹತ್ತುತ್ತದೆ. ಬೋಟಿನಿಂದ ಬಟ್ಟೆಗೆ, ಬಟ್ಟೆಯಿಂದ ಹಗ್ಗದ ಕೋಣೆಯ ಚಾಪೆಗೆ. ದಡ್ಡ ಅಪರಾಧಿಗಳು ಸಿಕ್ಕಿಬೀಳುವುದೇ ಇಂಥ ಕಡೆ. ಆದರೆ ಉಜ್ಜಿದರೆ ತಾನೇ?

ಅತ್ತೆ ಮನೆ ಸೇರಿದರು. ಭಾಮೈದ ಬೋಲ್ಟಿಗೆ ಹೋದ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಫೋನಿನಲ್ಲಿ ಗೊರಕೆಯನ್ನು ಮತ್ತೆಮತ್ತೆ ಮೊಳಗುವಂತೆ ಹಚ್ಚಿಟ್ಟು, ಮಾಸ್ತರ ನೀರಿನ ಬದಿಯ ಕಿಟಕಿಯಿಂದ ಇಳಿದ. ಮೊಳೆಗೆ ತೂಗುಹಾಕಿದ್ದ ಭಾಮೈದನ ನೀಲಿ ಟೋಪಿ, ಮರದ ಬೋಟಿನ ಕೀಲಿ ಎರಡೂ ಕೈಯಲ್ಲಿದ್ದವು. ಕೈಗೆ ಗವಸು. ಪಕ್ಕದ ಐಸ್ ಕಾರ್ಖಾನೆಯ ಯಂತ್ರಗಳ ಗದ್ದಲದಲ್ಲಿ ಎಂಜಿನ್ನಿನ ಸದ್ದನ್ನು ಕೇಳುವವರಿರಲಿಲ್ಲ.

ಆ ನಿರ್ಗಮನವನ್ನು ಅವನು ಜನ್ಮದಲ್ಲಿ ಮರೆಯಲಾರ. ಹಿಂದಕ್ಕೆ ಒಂದು ಮೆಲುತಳ್ಳು. ಗೇರ್ ಬಿಟ್ಟ. ಹಿಂಭಾಗ ಎಡಕ್ಕೆ, ಹಳದಿ ಕಂಬದ ಕಡೆಗೆ, ತವರಿಗೆ ಹೊರಟವಳಂತೆ ಸರಿಯತೊಡಗಿತು. ಅವನು ಕಾದ. ಇತರರ ಎದೆ ಬಾಯಿಗೆ ಬರುವ ಆ ಹೊತ್ತಿನಲ್ಲಿ ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮುಂದಕ್ಕೆ ಒಂದೇ ಒಂದು ಗುಟುಕು ಕೊಟ್ಟ. ಬೋಟು ನಿಂತಲ್ಲೇ ಸೊಂಟ ತಿರುಗಿಸಿತು. ಮತ್ತೆ ಹಿಂದಕ್ಕೆ. ಕಂಬಕ್ಕೂ ಹಲಗೆಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ ಉಳಿಯಿತು. ಹಸಿ ಬಣ್ಣದ ವಾಸನೆ ಮೂಗಿಗೆ ತಾಗಿತು. ಬಣ್ಣ ಯಾವುದಕ್ಕೂ ತಾಗಲಿಲ್ಲ. "ಭೇಷ್," ಎಂದು ತನಗೆ ತಾನೇ ಹೇಳಿಕೊಂಡ. ನೋಡಲು ಒಬ್ಬ ಶಿಷ್ಯನೂ ಇರಲಿಲ್ಲವಲ್ಲ ಎಂಬುದೊಂದೇ ಆ ದಿನದ ಕೊರಗು.

ಮಿಕ್ಕದ್ದು ಸಲೀಸು. ತಿರುವಿನಾಚೆ ಬೋಟನ್ನು ಬಂಡೆಗೆ ಹತ್ತಿಸಿದ. ಹಲಗೆ ಬಿರಿಯಿತು. ಟೋಪಿಯನ್ನು ಸೀಟಿನ ಮೇಲಿಟ್ಟು, ಕೀಲಿಯನ್ನು ಅದರ ಜಾಗದಲ್ಲೇ ಬಿಟ್ಟು, ಪ್ಯಾಂಟು ಮಡಚಿ ದಡ ಸೇರಿ, ಕಾರ್ಖಾನೆಯ ಹಿಂದಿನ ಕಾಲುದಾರಿಯಲ್ಲಿ ಮರಳಿ, ಕಿಟಕಿಯಿಂದಲೇ ಒಳಹೊಕ್ಕ. ಗೊರಕೆ ಇನ್ನೂ ನಡೆದಿತ್ತು. ಅದನ್ನು ನಿಲ್ಲಿಸಿ, ಕಾಲೊರೆಸಿ, ಅಂಗಿ, ಪ್ಯಾಂಟು, ಉಗುರುಸಂದಿಗಳನ್ನೆಲ್ಲ ಬೆಳಕಿಗೆ ಹಿಡಿದು ಪರೀಕ್ಷಿಸಿದ. ಹಳದಿಯ ಸುಳಿವೂ ಇಲ್ಲ. ಆಮೇಲೆ, ಪಾತ್ರಕ್ಕೆ ನ್ಯಾಯ ಒದಗಿಸಲೆಂದು, ನಿಜಕ್ಕೂ ನಿದ್ದೆ ಹೋದ.

ಅವನನ್ನು ಎಬ್ಬಿಸಿದ್ದು ಮಾವನ ಕೂಗು. ಜೆಟ್ಟಿಯ ಮೇಲೆ ಮೀನುಗಾರನೊಬ್ಬ, ಬಂಡೆಗೆ ಹತ್ತಿದ ಬೋಟಿನಲ್ಲಿ ಸಿಕ್ಕ ನೀಲಿ ಟೋಪಿ ಹಿಡಿದು ನಿಂತಿದ್ದ. ಅವನೆದುರು ಭಾಮೈದ, ಕಿವಿಯವರೆಗೂ ಕೆಂಪಾಗಿ.

"ಎಲ್ಲಿಗೆ ಹೋಗಿದ್ಯೋ?"

"ಬೋಲ್ಟು ತರೋಕೆ, ಅಪ್ಪ."

"ಎಲ್ಲಿ ಬೋಲ್ಟು?"

ಭಾಮೈದ ಖಾಲಿ ಜೇಬು ತಡವಿದ.

"ಹೋಗ್ಲಿ ಬಿಡಿ ಮಾವ," ಎಂದ ಮಾಸ್ತರ, ಕಣ್ಣುಜ್ಜುತ್ತ. "ಹುಡುಗುಬುದ್ಧಿ. ನಾನು ಎಚ್ಚರ ಇದ್ದಿದ್ರೆ ಹೀಗಾಗೋಕೆ ಬಿಡ್ತಿರ್ಲಿಲ್ಲ."

"ಬಾಗಿಲ ಹತ್ರ ಬಂದಾಗ ಗೊರಕೆ ಕೇಳಿಸ್ತು ಕಣ್ರೀ," ಎಂದರು ಮಾವ ದುಃಖದಿಂದ. ಸೊಂಟದಿಂದ ಗೊಂಚಲು ಬಿಚ್ಚಿದರು. "ಭಾನುವಾರದ ತನಕ ಯಾಕೆ? ತಗೊಳ್ಳಿ. ಯಾರ್ಡು ಇನ್ಮೇಲೆ ನಿಮ್ದು."

ಮಾಸ್ತರ ಎರಡೂ ಕೈ ಚಾಚಿದ. ಇನ್ನೊಂದು ಸಲ ಬಳಿಯಲೆಂದು ಬಣ್ಣದ ಡಬ್ಬಿ ಹಿಡಿದು ಬಂದಿದ್ದ ಅತ್ತೆ ಆಗಲೇ ಕಂಬದ ಬಳಿ ಕುಕ್ಕರಿಸಿದ್ದರು. ಬ್ರಷ್ಷನ್ನು ಅದ್ದಿದವರು ಹಾಗೆಯೇ ತಡೆದರು. ಕಂಬವನ್ನು ಈ ಕಡೆಯಿಂದ ನೋಡಿದರು, ಬಗ್ಗಿ ನೀರಿನ ಕಡೆಯಿಂದ ನೋಡಿದರು, ಆಮೇಲೆ ಮಗನ ಮುಖ ನೋಡಿದರು. "ಇವನು ಬೋಟು ತೆಗೆದಿದ್ರೆ ನನ್ನ ಬಣ್ಣ ಉಳೀತಿತ್ತಾ?" ಎಂದು ಗಂಡನನ್ನು ಕೇಳಿದರು. ಉತ್ತರಕ್ಕೆ ಕಾಯದೆ, ತುಂಬ ಮರ್ಯಾದೆಯಿಂದಲೇ ಅಳಿಯನ ಕಡೆ ತಿರುಗಿದರು: "ಇದನ್ನ ಮುಟ್ಟದೆ ಹಿಂದಕ್ಕೆ ಬರೋನು ಈ ಊರಲ್ಲಿ ಒಬ್ಬನೇ ಅಂತಿದ್ರಲ್ಲ, ಅಳಿಯಂದ್ರೇ, ಅದು ಯಾರು?" ಗೊಂಚಲು ಮಾವನ ಮುಷ್ಟಿಯೊಳಕ್ಕೆ ಮೆಲ್ಲಗೆ ಹಿಂದಕ್ಕೆ ಸರಿಯಿತು. ಮಾಸ್ತರ ಕಂಬದ ಕಡೆ ನೋಡಿದ. ಇಳಿಬಿಸಿಲಿಗೆ ಅದು ತಳದಿಂದ ತುದಿಯವರೆಗೆ ಹಳದಿಯಾಗಿ ಹೊಳೆಯುತ್ತಿತ್ತು, ಒಂದೇ ಒಂದು ಗೀರೂ ಇಲ್ಲದೆ.