ಇನ್ನೂ ಹಸಿ ಕಣಪ್ಪ, ಬುಡು!

ಸಂಪಿಗೆ ಶ್ರೀನಿವಾಸನಾಣೆ ಶಿವಣ್ಣ, ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ನಮ್ಮ ತೆಂಗಿನಮರ ಕುಂಬಳಕಾಯಿ ಬಿಡ್ಲಿ. ಬಸ್ ಬರೋ ತನಕ ಕೂತ್ಕೊಂಡು ಕೇಳು.

ಎರಡು ಸಾವಿರದ ಇಸ್ವಿ ಆಸುಪಾಸು. ತಿಪಟೂರು ಮಂಡಿ ಬೆಟ್ಟಸ್ವಾಮಿ ಮಗಳು ವರ್ಷಿಣಿ, ನೊಣವಿನಕೆರೆ ರುದ್ರೇಶನ ಮನೆ ಅಟ್ಟ ಹತ್ತಿದ್ಲು. ಕಾಯಿ ಒಣಗೈತಾ ನೋಡಾಕೆ.

ಆ ಹುಡುಗಿ ಕಿವಿ ಅಂದ್ರೆ ಕಿವಿ! ಕಾಯಿ ಅಲ್ಲಾಡ್ಸಿದ್ರೆ ಸಾಕು, ಒಳಗಡೆ ಕೊಬ್ಬರಿ ಚಿಪ್ಪು ಬಿಟ್ಟೈತಾ ಇಲ್ವಾ ಹೇಳ್ಬುಡೋಳು. ಇಡೀ ಮಾರ್ಕೆಟ್ಟೇ ಅವಳ ಮಾತು ನಂಬ್ತಿತ್ತು.

ಒಂದು ಕಾಯಿ ಎತ್ತಿ, ಕಿವಿ ಹತ್ರ ಹಿಡಿದು ಅಲ್ಲಾಡ್ಸಿದ್ಲು.

"ಧಮ್ಮ್!"

ಇಡೀ ಅಟ್ಟ ನಡುಗೋಯ್ತು!

"ಅಯ್ಯೋ ಶಿವನೇ! ಕಾಯಿ ಸಿಡೀತಾ?!"

ಕಾಯಿ ರಾಶಿ ಹಿಂದಿಂದ ಒಂದು ತಲೆ ಎದ್ಬಂತು. ರುದ್ರೇಶಂದೇ. ಕಿವಿಗೆ ಹೆಡ್‌ಫೋನು, ಕೂದಲ ತುಂಬ ನಾರು.

"ಸಾರಿ ಕಣ್ರೀ... ಅದು ನನ್ನ ಬೇಸ್ ಡ್ರಮ್ಮು."

"ಅಟ್ಟದಾಗೆ ಯಾರ್ರೀ ಡ್ರಮ್ ಬಾರಿಸ್ತಾರೆ?"

"ಸುತ್ತ ಕಾಯಿ ಇದ್ರೆ ಸದ್ದು ಆಚೆ ಹೋಗಲ್ಲ. ಬೆಂಗ್ಳೂರು ಸ್ಟುಡಿಯೋಲೂ ಇಂಥ ಗೋಡೆ ಇಲ್ಲ!"

ಅವನ ಕಸುಬೇ ಅದು, ಹಿಪ್ ಹಾಪ್. ಜಾಝ್ ಸ್ಯಾಕ್ಸೋಫೋನು ಒಂದು ತುಂಡು, ಅಮೇರಿಕದ ಸೋಲ್ ಹಾಡೋರ ನಿಟ್ಟುಸಿರು ಒಂದು ತುಂಡು, ಡ್ರಮ್ ಜತೆಗೆ ಒಣಕಾಯಿ ಗುಡುಗುಡು. ಎಲ್ಲಾ ಹೊಂದ್ಸಿ ಕ್ಯಾಸೆಟ್ ಮಾಡಿ, ಯಾವ ಕಂಪ್ನಿ ಹಂಗೂ ಇಲ್ದೆ ತಾನೇ ಬಸ್ ಸ್ಟ್ಯಾಂಡಲ್ಲಿ ಮಾರೋನು. ಬಸ್ಸಲ್ಲಿ ಅದನ್ನ ಹಾಕಿದ್ರೆ ಬೇಸ್ ಏಟಿಗೆ ಪಕ್ಕದ ತೋಟದಲ್ಲಿ ಎಳನೀರು ತಾನಾಗೇ ಉದುರೋವು. ನಗಬೇಡ ಶಿವಣ್ಣ, ಅದು ವಿಜ್ಞಾನ.

ವರ್ಷಿಣಿ ಎದೆ ಇನ್ನೂ ಹೊಡ್ಕೊತಿತ್ತು. ಬೆದರಿದ್ದು ಸದ್ದಿಗೋ, ಆ ಕಣ್ಣಿಗೋ... ಅವಳಿಗೇ ಗೊತ್ತಾಗ್ಲಿಲ್ಲ. ಗತ್ತು ಬಿಡದೆ ಇನ್ನೊಂದು ಕಾಯಿ ಅಲ್ಲಾಡ್ಸಿದ್ಲು.

"ಇನ್ನೂ ಹಸಿ ಕಣಪ್ಪ, ಬುಡು."

ಟೇಪ್ ಓಡ್ತಾ ಇತ್ತು. ಅವಳಿಗೆ ಗೊತ್ತಿರ್ಲಿಲ್ಲ.

ಆಮೇಲೆ ಏನೇನೋ ನೆಪ ಹೇಳ್ಕೊಂಡು ವಾರ ವಾರವೂ ಬರೋಳು. ನಮ್ಮ ಸೀಮೆಲೇ ಅಷ್ಟೊಂದು ಪರೀಕ್ಷೆ ಬರೆದ ಕಾಯಿ ಇನ್ನೊಂದಿಲ್ಲ.

ಒಂದು ಹರಾಜಿನ ದಿನ. ಮಂಡಿ ಮುಂದೆ ಬಸ್ ನಿಂತಿತ್ತು. ಅದರೊಳಗಿಂದ ಸ್ಯಾಕ್ಸೋಫೋನು ಅಳ್ತು, ಕಾಯಿ ಗುಡುಗಿತು, ಆಮೇಲೆ...

"ಇನ್ನೂ ಹಸಿ ಕಣಪ್ಪ, ಬುಡು! ಹಸಿ... ಹಸಿ... ಬುಡು!"

ವರ್ಷಿಣಿ ಕಲ್ಲಾಗೋದ್ಲು. 'ನನ್ನ ದನಿ!'

ಕೊಳ್ಳಕ್ಕೆ ಬಂದೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಒಬ್ಬ ಹಲ್ಲು ಕಿಸಿದ. "ಏನ್ ಬೆಟ್ಟಸ್ವಾಮಿ, ಮಗಳೇ ಹಸಿ ಅಂತಾವ್ಳೆ, ನಮ್ಮ ತಲೆಗೆ ಕಟ್ತೀಯಾ?"

ಒಬ್ರೂ ಕೊಬ್ಬರಿ ರಾಶಿ ಮುಟ್ಲಿಲ್ಲ. ಯಾವತ್ತೂ ತಲೆ ತಗ್ಗಿಸದ ಅಪ್ಪ ಅವತ್ತು ನೆಲ ನೋಡ್ತಾ ನಿಂತ.

ವರ್ಷಿಣಿ ನೆಟ್ಟಗೆ ರುದ್ರೇಶನ ಅಟ್ಟಕ್ಕೇ ನುಗ್ಗಿದ್ಲು.

"ನನ್ನ ಆಡ್ಕೊಳ್ಳಾಕೆ ಹಾಡು ಮಾಡಿದ್ರಾ?!"

"ಇಲ್ಲಾ ಕಣ್ರೀ... ನಿಮ್ಮ ದನಿ ಬಿದ್ಮೇಲೇ ಅದು ಹಾಡಾಗಿದ್ದು..."

"ಒಂದು ಮಾತು ನನ್ನ ಕೇಳಿದ್ರಾ?"

ಅವನು ಆ ಹಾಡಿನ ಮೇನ್ ಟೇಪ್ ಹಾಕಿ, ಗುಂಡಿ ಒತ್ತಿ, ಅವಳ ಕಣ್ಮುಂದೇನೇ ಅಳಿಸ್ಬುಟ್ಟ! ಅವಳ ದನಿ ಹೋಯ್ತು. ಸ್ಯಾಕ್ಸೋಫೋನೂ ಹೋಯ್ತು.

ಗೆದ್ದಿದ್ದು ತಾನೇ. ಆದ್ರೆ ಮೆಟ್ಲು ಇಳಿಯುವಾಗ ಅಳು ಯಾಕೆ ಬಂತು?

ಮುಂದಿನ ಹರಾಜಿನ ದಿನ ಟೇಪ್ ರಿಪೇರಿ ಇಮ್ದಾದ್ ಮಂಡಿಗೆ ಓಡ್ಕೊಂಡು ಬಂದ.

"ಏನಮ್ಮ ಮಾಡಿದ್ರಿ! ರುದ್ರೇಶ ಬಸ್ ಬಸ್ ಹತ್ತಿ ಕ್ಯಾಸೆಟ್ಟೆಲ್ಲ ವಾಪಸ್ ಇಸ್ಕೊಂಡು ಅಳಿಸಿದಾನೆ. ಆ ಹಾಡು ಕೇಳಾಕೇ ಬೆಂಗ್ಳೂರಿಂದ ಕಂಪ್ನಿಯೋರು ಇವತ್ತು ಬಂದವ್ರೆ. ಕೇಳ್ಸಾಕೆ ಏನೈತೆ? ಬರೀ ಸುಯ್ ಅನ್ನೋ ಸದ್ದು!"

ವರ್ಷಿಣಿ ಕೈಲಿದ್ದ ಕಾಯಿ ಕೆಳಗಿಟ್ಲು. "ಕಂಪ್ನಿಯೋರು ಬರ್ತಾರೆ ಅಂತ ಅಳಿಸಿದ ದಿನವೇ ಗೊತ್ತಿತ್ತಾ ಅವರಿಗೆ?"

"ಗೊತ್ತಿತ್ತಮ್ಮಾ!"

'ಗೊತ್ತಿದ್ದೂ ಅಳಿಸಿದ್ರಾ... ನನಗೋಸ್ಕರ?'

"ಇಮ್ದಾದಣ್ಣ, ಅವರನ್ನ ಕರ್ಕೊಂಡ್ ಬನ್ನಿ. ಮೈಕ್ ಸಮೇತ!"

ರುದ್ರೇಶ ಬಂದ. ಜತೆಗೆ ಕಂಪ್ನಿ ಸಾಹೇಬ. ವರ್ಷಿಣಿ ಅಪ್ಪನ ರಾಶಿಯಿಂದ ಎರಡು ಉಂಡೆ ಕೊಬ್ಬರಿ ಎತ್ಕೊಂಡು ಮೈಕ್ ಮುಂದೆ ನಿಂತ್ಲು. ಮಂಡಿಗೆ ಮಂಡಿಯೇ ಬಾಯಿ ಬಿಟ್ಕೊಂಡು ನೋಡ್ತು.

ರುದ್ರೇಶನ ಬೆರಳು ಟೇಪಿನ ರೆಕಾರ್ಡ್ ಗುಂಡಿ ಮೇಲಿತ್ತು. ಒತ್ಲಿಲ್ಲ. ಅವಳ ಮುಖ ನೋಡ್ದ.

"ಒತ್ಲಾ?"

ಅಷ್ಟೇ ಕೇಳಿದ್ದು. ಅವಳ ಕಣ್ಣು ತುಂಬ್ಕೊಂತು.

"ಒತ್ತು."

ಟಣ್! ಟಣ್! ಕೊಬ್ಬರಿಗೆ ಕೊಬ್ಬರಿ ಬಡಿದ್ಲು.

"ಹಸಿ ಕೊಬ್ಬರಿ ಹಿಂಗೆ ಮಾತಾಡ್ತದೇನ್ರೀ? ಅವತ್ತು ಹಸಿ ಅಂದಿದ್ದು ನೊಣವಿನಕೆರೆ ಅಟ್ಟದ ಕಾಯಿಗೆ. ಇದು ಒಣಗೈತೆ ಕಣ್ರಪ್ಪ, ತಗೊಳ್ಳಿ!"

ಟಣ್! ಟಣ್! ಇಮ್ದಾದ್ ತಡೀಲಾರದೆ ತಕ್ಕಡಿ ಬಾರಿಸ್ದ. ಮೂಟೆ ಹೊರೋರು ತಾಳಕ್ಕೆ ಕಾಲು ಹಾಕಿದ್ರು. ಅವತ್ತು ಹಲ್ಲು ಕಿಸಿದ್ದೋನೇ ಮೊದಲು ಹರಾಜು ಕೂಗ್ದ. ಬೆಟ್ಟಸ್ವಾಮಿ ತಲೆ ಎತ್ತಿ, ಮಗಳನ್ನ ನೋಡಿ, ಟವೆಲ್ಲಲ್ಲಿ ಮುಖ ಒರೆಸ್ಕೊಂಡ.

"ಇದು ಯಾವ ದೇಶದ ಡ್ರಮ್ರೀ?!" ಕಂಪ್ನಿ ಸಾಹೇಬ ಬೆಪ್ಪಾಗೋದ. "ಇದೇ ಬೇಕು ನಮಗೆ!"

"ಅವರನ್ನ ಕೇಳಿ ಸಾರ್. ಹಾಡು ಅವರದ್ದೂ ಹೌದು," ವರ್ಷಿಣಿ ಕಡೆ ಕೈ ತೋರ್ಸಿ ಅಂದ ರುದ್ರೇಶ.

ಗದ್ದಲ ಎಲ್ಲಾ ಮುಗಿದ್ಮೇಲೆ, ಖಾಲಿ ಮೂಟೆಗಳ ಮರೆಯಲ್ಲಿ ಅವನು ಮೆತ್ತಗೆ ಕೇಳ್ದ. "ನಾನು... ಇನ್ನೂ ಹಸಿನಾ?"

ವರ್ಷಿಣಿ ಕಾಯಿ ಪರೀಕ್ಷೆ ಮಾಡೋಳ ಹಂಗೇ ಅವನ ಎದೆಗೆ ಕಿವಿ ಇಟ್ಲು.

"ಅಲ್ಲಾಡ್ಬೇಡ... ಕೇಳ್ತಾ ಇದೀನಿ."

"ಏನಂತೈತೆ ಎದೆ?"

"ಒಣಗಿದ ಕೊಬ್ಬರಿ ಹಂಗೆ ಪೂರ್ತಿ ಬಿಟ್ಕೊಂಡೈತೆ."

"ಎಲ್ಲಿಂದ?"

"ನಿನ್ನಿಂದ. ಇನ್ಮೇಲೆ ನಂದು."

ಆ ಮಾತಿಗೆ ನೋಡು ಶಿವಣ್ಣ, ಇಲ್ಲಿಂದ ಚಿಕ್ಕನಾಯಕನಹಳ್ಳಿ ತನಕ ಅಟ್ಟ ಅಟ್ಟದ ಕಾಯೆಲ್ಲ ಒಟ್ಟಿಗೇ ಗುಡುಗುಡು ಅಂದ್ವು, ರೈಲು ಬಂತು ಅಂತ ಸ್ಟೇಷನ್ ಮಾಸ್ಟ್ರು ಹಸಿರು ಬಾವುಟ ಹಿಡ್ಕೊಂಡು... ಲೇ ಶಿವಣ್ಣ, ಎಲ್ಲಿಗ್ಲಾ ಹೊಂಟೆ? ಬಸ್ ಇನ್ನೂ ಬಂದಿಲ್ಲ ಕಣ್ಲಾ! ಸುಳ್ಳಲ್ಲ ಕಣ್ಲಾ, ಆ ಬಾವುಟ ಈಗ್ಲೂ ನಮ್ಮನೆ ಅಟ್ಟದ ಮೇಲೈತೆ, ಬೇಕಾದ್ರೆ ಬಂದು ನೋಡು!