ಬೂದಿಕೋಟೆ ಏರಿನಲ್ಲಿ ನಿಂತ ಲಾರಿ

೧೯೩೯ರ ಫೆಬ್ರವರಿ ೧೪, ಮಂಗಳವಾರ ಮಧ್ಯಾಹ್ನ. ಬೂದಿಕೋಟೆಯ ಅಶ್ವತ್ಥಪ್ಪ ಬಂಗಾರಪೇಟೆ ಠಾಣೆಗೆ ಬಂದು ದೂರು ಬರೆಸಿದ. ಹೆರಿಗೆ ನೋವು ತಿನ್ನುತ್ತಿದ್ದ ಅವನ ಹೆಂಡತಿ ವರಲಕ್ಷ್ಮಮ್ಮನನ್ನು ಆಸ್ಪತ್ರೆಗೆ ತರುತ್ತಿದ್ದ ಸಣ್ಣ ಡೀಸೆಲ್ ಲಾರಿ ದಾರಿಯ ಏರಿನಲ್ಲಿ ಕೆಟ್ಟು ನಿಂತಿತ್ತು. ತಾಯಿ, ಮಗು ಇಬ್ಬರೂ ಅಲ್ಲೇ ತೀರಿಕೊಂಡರು.

"ಡ್ರೈವರ್ರೇ ಬೇಕೂಂತ ನಿಲ್ಸವ್ನೆ ಸಾಮಿ. ಓದ ತಿಂಗ್ಳೂ ಅಲ್ಲೇ ನಿಂತಿತ್ತು."

ಎಫ್‌ಐಆರ್ ಆಯಿತು. ಡ್ರೈವರ್ ಜಯರಾಮಪ್ಪನನ್ನು ಲಾಕಪ್ಪಿಗೆ ಹಾಕಿದರು. ಸಂಜೆಯೊಳಗೆ ಊರವರು ಬರೀ ಮಾತಿನಲ್ಲೇ ಅವನಿಗೆ ಎರಡು ಮಡಕೆ ಹೆಂಡ ಕುಡಿಸಿಯೂ ಆಗಿತ್ತು. ಪಾಪ, ಅವನು ಕಾಫಿಯನ್ನೂ ಮುಟ್ಟದ ಆಸಾಮಿ.

ಮಾರನೆಯ ಬೆಳಿಗ್ಗೆ ಸಬ್‌ಇನ್‌ಸ್ಪೆಕ್ಟರ್ ರಾಮಚಂದ್ರಪ್ಪ ಲಾರಿಯ ಪಂಚನಾಮೆ ಮಾಡಿಸಿದರು. ಕೋಲಾರದಿಂದ ಬಂದ ಮೆಕ್ಯಾನಿಕ್ ಕೋದಂಡಪ್ಪ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ, ಒಂದೊಂದನ್ನೂ ಕೈಪಂಪಿಗೆ ಸಿಕ್ಕಿಸಿ ಒತ್ತಡ ಅಳೆದ. ಎರಡು ಸರಿಯಿದ್ದವು. ಇನ್ನೆರಡರಲ್ಲಿ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕೇ ನಿಂತಿತು.

"ಸ್ಪ್ರಿಂಗ್ ಮೇಲಿನ ತಿರುಪು ಸಡ್ಲ ಮಾಡವ್ರೆ ಸಾಮಿ. ಎಣ್ಣೆ ಪಿಚಕಾರಿ ತರ ಚಿಮ್ಮಬೇಕು, ಇದು ತೊಟ್ಟಿಕ್ತದೆ. ಸಮ ದಾರೀಲಿ ಹೆಂಗೋ ಓಡುತ್ತೆ, ಏರಲ್ಲಿ ಕರೀ ಹೊಗೆ ಬಿಟ್ಟು ನಿಂತೋಗುತ್ತೆ."

"ತಾನಾಗಿ ಸಡಿಲವಾಗೋದಿಲ್ಲವೇ?"

"ಮೇಲೊಂದು ನಟ್ಟು ಬಿಗಿದಿರ್ತದೆ. ಕೈ ಆಡಿಸ್ದೆ ಆಗಲ್ಲ."

ಆ ಎರಡು ನಟ್ಟುಗಳ ಮೇಲೂ ಕುಂಕುಮದ ಬೊಟ್ಟಿತ್ತು. ರಾಮಚಂದ್ರಪ್ಪ ಲಾಕಪ್ಪಿನ ಬಾಗಿಲಿಗೆ ಹೋದರು.

"ಎಂಜಿನ್ ತೊಳೆದದ್ದು ಯಾವಾಗ?"

"ಭಾನುವಾರ, ಸೀಮೆಎಣ್ಣೇಲಿ."

"ಕುಂಕುಮ ನೀನಿಟ್ಟೆಯಾ?"

"ನಾನು ಇಡೋದು ಗಾಲಿಗೆ ಸಾಮಿ, ಅದೂ ಆಯುಧಪೂಜೇಲಿ."

"ಸೋಮವಾರ ಲಾರಿ ಎಲ್ಲಿ ನಿಲ್ಲಿಸಿದ್ದೆ?"

"ಏರಿನ ತುದೀಲಿ, ಕುಪ್ಪುಸ್ವಾಮಿ ಶೆಡ್ಡತ್ರ. ಉಂಡು ಒಸಿ ಮಲಗಿದ್ದೆ."

ಕುಪ್ಪುಸ್ವಾಮಿ ಮಾರಿಕುಪ್ಪಂ ಕಡೆಯ ಮೆಕ್ಯಾನಿಕ್. ಹೆಂಡತಿ ಸತ್ತ ಮೇಲೆ ಆ ಒಂಟಿ ಏರಿಗೆ ಬಂದು ತಗಡಿನ ಶೆಡ್ಡು ಹಾಕಿಕೊಂಡಿದ್ದ. ಸುತ್ತ ಬಂಡೆ, ಜಾಲಿ, ಬಿಸಿಲು. ಮನುಷ್ಯನ ದನಿ ಕೇಳಬೇಕಾದರೆ ಯಾವುದಾದರೂ ಗಾಡಿ ಬರಬೇಕು.

ರಾಮಚಂದ್ರಪ್ಪನವರೂ ಕಾನ್‌ಸ್ಟೇಬಲ್ ಮುನಿಸ್ವಾಮಪ್ಪನೂ ಹೋದಾಗ ಅವನು ಎದ್ದು ನಿಂತು, ಕೇಳುವ ಮೊದಲೇ ಹೇಳಿದ.

"ಓದ ತಿಂಗ್ಳು ರಿಪೇರಿ ಮಾಡಿದ್ದೇ ಕಡೇದು ಸಾಮಿ. ಆಮೇಲೆ ಕೈ ಇಟ್ಟಿಲ್ಲ."

ರಾಮಚಂದ್ರಪ್ಪ ಶೆಡ್ಡನ್ನು ನೋಡುತ್ತ ನಡೆದರು. ರಿಪೇರಿಯಾದ ಸೈಕಲ್ಲಿನ ನಟ್ಟಿಗೆ ಕುಂಕುಮ. ನೀರೆತ್ತುವ ಪಂಪಿಗೆ ಕುಂಕುಮ. ಯಾರದೋ ಬೀಗಕ್ಕೂ ಕುಂಕುಮ.

"ಇದೇನು?"

"ಬಿಚ್ಚಿ ತಿರುಪಿದ್ದಕ್ಕೆ ಇಡ್ತೀನಿ. ಎಂಡ್ತಿ ಕಲ್ಸಿದ ಅಭ್ಯಾಸ."

"ಲಾರಿಯ ನಟ್ಟಿಗೂ ಇಟ್ಟಿದ್ದೀಯಲ್ಲ. ಭಾನುವಾರ ತೊಳೆದ ಎಂಜಿನ್ನಿಗೆ."

ಕುಪ್ಪುಸ್ವಾಮಿ ತನ್ನ ಬೆರಳನ್ನು ನೋಡಿಕೊಂಡ. ಕೆಡಿಸುವ ಕೆಲಸಕ್ಕೂ ಬೊಟ್ಟಿಟ್ಟಿದ್ದ, ಅಷ್ಟು ಒಗ್ಗಿ ಹೋಗಿತ್ತು ಕೈ.

"ಯಾಕೆ ಮಾಡಿದೆ? ಜಯರಾಮಪ್ಪನ ಮೇಲೆ ಹಗೆಯೇ?"

"ಅಯ್ಯೋ, ಇಲ್ಲ ಸಾಮಿ. ಗಾಡಿ ನಿಂತ್ರೆ ಜನ ಇಳೀತಾರೆ. ನೀರು ಕೇಳ್ತಾರೆ, ಊರು ಕೇಳ್ತಾರೆ. ಓದ ತಿಂಗ್ಳು ನಿಂತಾಗ ಒಂದಜ್ಜಿ ಬುತ್ತೀಲಿ ನಂಗೂ ಮುದ್ದೆ ಕೊಟ್ಲು. ಇನ್ನೊಂದು ಸಲ ಅಂತ..." ಅವನು ಒಳಗಿನ ಮಂಚದ ಕಡೆ ನೋಡಿದ. "ಆ ತಾಯಿ ಬತ್ತಾಳೆ ಅಂತ ಗೊತ್ತಿರ್ಲಿಲ್ಲ. ಬೇಗ ಬೇಗ ಬಿಗೀತೀನಿ ಅಂತ ಓದೆ. ಸ್ಪ್ಯಾನರ್ ಇಡೋದ್ರೊಳಗೇ ಎಲ್ಲಾ ಮುಗುದೋಯ್ತು. ನನ್ನ ಮಂಚದ ಮೇಲೇ ಓದ್ಲು ಸಾಮಿ."

ಮುನಿಸ್ವಾಮಪ್ಪ ಮುಖ ಆಚೆ ತಿರುಗಿಸಿದ. ರಾಮಚಂದ್ರಪ್ಪನವರಿಗೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ದಸ್ತಗಿರಿ ಮಾಡಿ, ಸ್ಪ್ಯಾನರುಗಳನ್ನು ವಶಪಡಿಸಿಕೊಂಡು ಹೊರಟರು.

ಠಾಣೆಯಲ್ಲಿ ಇದ್ದದ್ದು ಒಂದೇ ಲಾಕಪ್ಪು. ಜಯರಾಮಪ್ಪನನ್ನು ಬಿಟ್ಟು ಕುಪ್ಪುಸ್ವಾಮಿಯನ್ನು ಒಳಗೆ ಕಳಿಸಿದರು. ಹೊಸಿಲಲ್ಲಿ ಇಬ್ಬರೂ ಎದುರಾದರು. ಕುಪ್ಪುಸ್ವಾಮಿ ಕೈ ಮುಗಿದ.

"ಜಯರಾಮಣ್ಣ, ತಪ್ಪಾಯ್ತು. ಒಸಿ ಹೊತ್ತು ಕೂತಿದ್ದು ಓಗಪ್ಪ."

ಜಯರಾಮಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಹೊರಗೆ ಹೆಂಡತಿ ಮಕ್ಕಳು ಕಾಯುತ್ತಿದ್ದರು. ಅವನು ತಿರುಗಿ ನೋಡದೆ ಮೆಟ್ಟಿಲಿಳಿದ.