ಚಳಿಗಾಲ ಮುಚ್ಚಿಟ್ಟಿದ್ದು

ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ರಸ್ತೆಯ ಕೆಸರು ನೀರಿನಲ್ಲಿ. ಅಷ್ಟರಲ್ಲಿ ಡ್ರೈವರ್ ಬಸ್ಸು ಬಿಟ್ಟೇಬಿಟ್ಟ.

ಸೆನಾಯಿತ್‌ಗೆ ಕೂಗಲು ಬಾಯೇ ಬರಲಿಲ್ಲ. ಕೈಗೆ ಸಿಕ್ಕಿದ್ದ ಕಂಬಿ ಮಳೆಗೆ ನೆನೆದು ಜಾರುತ್ತಿತ್ತು. ಮುಗಿಯಿತು, ಈ ಪರದೇಶದ ಅಮ್ಮಾನ್ ಪಟ್ಟಣದಲ್ಲಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ಸಾಯುವುದೇ ನನ್ನ ಹಣೆಯಲ್ಲಿ ಬರೆದಿದೆ ಎಂದುಕೊಳ್ಳುವಷ್ಟರಲ್ಲಿ, ದಪ್ಪ ಉಣ್ಣೆಯ ಕೈಗವಸು ತೊಟ್ಟ ಕೈಯೊಂದು ಅವಳ ಕೋಟಿನ ತೋಳು ಹಿಡಿದು ಒಳಗೆಳೆಯಿತು.

ಬದುಕಿಕೊಂಡವಳು ಒಂದು ಒಳ್ಳೆಯ ಮಾತು ಆಡಬೇಕಿತ್ತು. ಆಡಿದ್ದು ಬೇರೆ.

"ಕೈ ಬಿಡಿ."

"ಆಗಲೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಹಿಂದಿನ ಬಸ್ಸಿನವರು ನಿಮ್ಮನ್ನ ಎತ್ತುತ್ತಾ ಇರ್ತಿದ್ರು," ಎಂದು ಆತ ತಣ್ಣಗೆ ಹೇಳಿ ಕೈ ಬಿಟ್ಟ.

ಬಸ್ಸಿನವರೆಲ್ಲ ನಕ್ಕರು. ಸೆನಾಯಿತ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಚಳಿಯಲ್ಲಿ ಅವಳ ಮೈಯಲ್ಲಿ ಬಿಸಿಯಾಗಿದ್ದುದು ಅದೊಂದೇ.

ಹೆಸರು ವಸ್ಫಿ ಅಂತೆ. ಈಜಿಪ್ಟಿನವನು, ಸ್ವೇಲೆಹ್‌ನಲ್ಲಿ ಬ್ರೆಡ್ಡು ಸುಡುವ ಬೇಕರಿಯಲ್ಲಿ ಕೆಲಸ. ಅವಳೂ ಇಳಿಯುವುದು ಅಲ್ಲೇ, ಉಮ್ ಫಾರಿಸ್ ಎಂಬ ಮುದುಕಿಯನ್ನು ನೋಡಿಕೊಳ್ಳಲು. ಇಬ್ಬರೂ ಹತ್ತುವುದು ಜಬಲ್ ಹುಸೇನ್‌ನ ಅದೇ ನಿಲ್ದಾಣದಲ್ಲಿ. ಅಲ್ಲಿ ಬಸ್ಸಿಗೆ ಹೊತ್ತುಗೊತ್ತು ಇಲ್ಲ. ಸೀಟು ತುಂಬಿದರೆ ಹೊರಡುತ್ತದೆ, ತುಂಬದಿದ್ದರೆ ನಿಂತಿರುತ್ತದೆ, ಜನ ಹೊರಗೆ ಕಾಲು ಕುಣಿಸುತ್ತಾ ಚಳಿಯಲ್ಲಿ ಕಾಯುತ್ತಿರಬೇಕು. ಒಳಗೆ ಹೋದ ಮೇಲೆ ಮಾತಿಲ್ಲ. ಪರಿಚಯವಿಲ್ಲದ ಗಂಡು ಹೆಣ್ಣು ಅಕ್ಕಪಕ್ಕ ಕೂರದಂತೆ ಕಂಡಕ್ಟರ್ ಎಲ್ಲರನ್ನೂ ಎಬ್ಬಿಸಿ, ಅದಲು ಬದಲು ಮಾಡಿ ಕೂರಿಸುತ್ತಿದ್ದ.

ಹಾಗಾಗಿ ಅವರಿಬ್ಬರ ಪಾಲಿಗೆ ಇದ್ದದ್ದು ಬಸ್ಸು ತುಂಬುವ ತನಕದ ಹೊತ್ತು ಮಾತ್ರ.

ಅಷ್ಟು ಸಾಕಾಯಿತು. ಮೊದಲ ವಾರ ಮಳೆಯ ಮಾತು. ಎರಡನೆಯ ವಾರ ಉಮ್ ಫಾರಿಸ್‌ಳ ಮಂಡಿನೋವಿನ ಮಾತು. ಆಮೇಲೆ ಸೆನಾಯಿತ್‌ಳ ಸ್ವಂತ ಸೀಮೆ ತಿಗ್ರೈ, ಅಲ್ಲಿಯ ಯುದ್ಧ, ಸುಟ್ಟುಹೋದ ಮನೆ, ತಿರುಗಿ ಬಾರದ ತಮ್ಮ. ಇದನ್ನೆಲ್ಲ ಅವಳು ಯಾರಿಗೂ ಹೇಳಿದವಳಲ್ಲ. ವಸ್ಫಿ ಸಮಾಧಾನದ ಮಾತು ಹೇಳಲಿಲ್ಲ. ಗಾಳಿ ಬೀಸುವ ಕಡೆಗೆ ಬಂದು ನಿಂತ, ಅಷ್ಟೇ. ಅವತ್ತಿನಿಂದ ದಿನವೂ ಆ ಕಡೆಗೇ ನಿಲ್ಲುತ್ತಿದ್ದ.

ಹೆಣ್ಣಿನ ಮನಸ್ಸು ಕರಗಲು ಇನ್ನೇನು ಬೇಕು ಹೇಳಿ?

ಕರಗಿತು. ಕರಗಿದ್ದೇ ತಡ, ಅವಳಿಗೆ ಹೆದರಿಕೆಯೂ ಹುಟ್ಟಿತು. ಏಕೆಂದರೆ ಸೆನಾಯಿತ್ ಕ್ರೈಸ್ತಳು. ಚಿಕ್ಕಂದಿನಲ್ಲಿ ಅಜ್ಜಿ ಅವಳ ಹಣೆಯ ನಡುವೆ ಶಿಲುಬೆಯ ಹಚ್ಚೆ ಹಾಕಿಸಿದ್ದಳು. ಕೆಲಸಕ್ಕೆ ಸೇರಿಸಿದ ಏಜೆಂಟ್, ಅದನ್ನು ಮುಚ್ಚಿಕೊಂಡರೆ ನಾಲ್ಕು ಮನೆಯವರು ಪ್ರಶ್ನೆ ಕೇಳುವುದು ತಪ್ಪುತ್ತದೆ ಎಂದಿದ್ದ. ಅಂದಿನಿಂದ ತಲೆವಸ್ತ್ರ ಹುಬ್ಬಿನವರೆಗೆ ಇಳಿದಿತ್ತು. ಈಗಂತೂ ಅದರ ಮೇಲೊಂದು ಉಣ್ಣೆಯ ಟೋಪಿ. ವಸ್ಫಿಯೋ, "ಅಸ್ಸಲಾಮು ಅಲೈಕುಂ" ಎಂದು ಬಸ್ಸು ಹತ್ತುವವನು, ಮಾತುಮಾತಿಗೆ "ಇನ್ಶಾ ಅಲ್ಲಾ" ಎನ್ನುವವನು. ವಸ್ಫಿ ಎಂಬ ಹೆಸರಿನ ಮುಸ್ಲಿಮರು ಅವಳು ಕೆಲಸ ಮಾಡುವ ಬೀದಿಯಲ್ಲೇ ಇಬ್ಬರಿದ್ದರು. ಹಾಗೆ ನೋಡಿದರೆ ಅವಳೂ ಸಲಾಂ ಹೇಳಿಯೇ ಹತ್ತುತ್ತಿದ್ದಳು. ಊರೆಲ್ಲ ಆಡುವ ಮಾತು ಅದು. ಆದರೆ ಅವನ ಸಲಾಂ ತನಗೆ ಕೇಳಿಸಿದ ಹಾಗೆಯೇ ತನ್ನ ಸಲಾಂ ಅವನಿಗೂ ಕೇಳಿಸಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

'ಬೇಡ ಮನಸ್ಸೇ... ಆ ದಾರಿ ನಮ್ಮದಲ್ಲ.'

ಅವಳ ಜೊತೆ ಕೋಣೆ ಹಂಚಿಕೊಂಡಿದ್ದ ಫಿಲಿಪೀನ್ಸಿನ ರೊವೇನಾ ಇನ್ನೂ ನೇರವಾಗಿ ಹೇಳಿದ್ದಳು. ಮದುವೆಯಾದರೆ ಹುಟ್ಟುವ ಮಕ್ಕಳು ಅವನ ಧರ್ಮಕ್ಕೇ, ನಿನ್ನ ಅಮ್ಮ ನಿನ್ನ ಮುಖ ನೋಡುವುದಿಲ್ಲ, ಈಗಲೇ ಬಸ್ಸು ಬದಲಾಯಿಸು ಎಂದು. ಬಸ್ಸು ಬದಲಾಯಿಸಲು ಸೆನಾಯಿತ್‌ಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಉಪವಾಸದ ಕಾಲ ಬಂತು. ಸೆನಾಯಿತ್‌ಳ ಸಭೆಯವರಿಗೆ ಕ್ರಿಸ್ಮಸ್ ಬರುವುದು ಜನವರಿಯಲ್ಲಿ. ಅದಕ್ಕೆ ಮುಂಚೆ ಆರು ವಾರ ಮಾಂಸ, ಹಾಲು, ಮೊಟ್ಟೆ, ಚೀಸ್ ಒಂದೂ ಮುಟ್ಟುವಂತಿಲ್ಲ. ಉಪವಾಸ ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗಿದರೆ ಮಾಡಿದ್ದೂ ವ್ಯರ್ಥ ಎಂದು ಅಜ್ಜಿ ಹೇಳಿಕೊಟ್ಟಿದ್ದಳು.

ವಿಧಿ ನೋಡಿ, ವಸ್ಫಿ ತಿಂಡಿ ತರಲು ಶುರು ಮಾಡಿದ್ದೂ ಆಗಲೇ!

ರಾತ್ರಿ ಪಾಳಿಯ ಗೆಳೆಯನಿಂದ ತರಿಸಿಕೊಂಡ ಚೀಸ್ ತುಂಬಿದ ಬನ್ನು, ಇನ್ನೂ ಬೆಚ್ಚಗಿರುತ್ತಿತ್ತು. ನೀವು ತಿನ್ನಲ್ವಾ ಎಂದು ಕೇಳಿದರೆ ತನ್ನದಾಯಿತು ಎನ್ನುತ್ತಿದ್ದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕಾಗದದ ಆ ಪೊಟ್ಟಣದಿಂದ ಬೆರಳು ಬೆಚ್ಚಗೆ ಮಾಡಿಕೊಂಡು, ಸ್ವೇಲೆಹ್‌ನಲ್ಲಿ ಇಳಿದ ಮೇಲೆ ಬೀದಿ ಗುಡಿಸುವ ಮುದುಕನ ಕೈಗೆ ಕೊಟ್ಟುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಕೊಟ್ಟು ತಿರುಗುತ್ತಾಳೆ, ವಸ್ಫಿ ನಿಂತಿದ್ದಾನೆ.

ಅವನ ಮುಖ ಕಪ್ಪಿಟ್ಟಿತು. "ಓಹೋ, ಗೊತ್ತಾಯ್ತಾ ನಿಮಗೆ," ಎಂದ, ಕೇಳಿಸೀ ಕೇಳಿಸದ ಹಾಗೆ. ಏನು ಗೊತ್ತಾಯಿತು ಎಂದು ಅವಳು ಕೇಳುವ ಮೊದಲೇ ಬೇಕರಿಯ ಕಡೆ ನಡೆದುಬಿಟ್ಟ.

ಮರುದಿನದಿಂದ ಅವನು ನಿಲ್ದಾಣದ ಆಚೆ ತುದಿಯಲ್ಲಿ ನಿಲ್ಲತೊಡಗಿದ. ಬನ್ನೂ ಇಲ್ಲ, ಮಾತೂ ಇಲ್ಲ. ಒಳ್ಳೆಯದೇ ಆಯಿತು, ತಾನಾಗಿ ಮುಗಿಯಿತು ಎಂದು ಸೆನಾಯಿತ್ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಬಸ್ಸಿನ ಕಿಟಕಿಗೆ ಮುಖ ಆನಿಸಿ ಅತ್ತಳು. ನಿಲ್ದಾಣದಲ್ಲಿ ಈಗ ಗಾಳಿ ನೇರ ಅವಳಿಗೇ ಹೊಡೆಯುತ್ತಿತ್ತು.

ಕಷ್ಟ ಒಂಟಿಯಾಗಿ ಬರಲಿಲ್ಲ. ಡಿಸೆಂಬರ್ ಮುಗಿಯುವ ಮುಂಚೆ ಉಮ್ ಫಾರಿಸ್ ತೀರಿಕೊಂಡಳು. ಬೆಳಿಗ್ಗೆ ಚಹಾ ಹಿಡಿದು ಹೋದರೆ ಮುದುಕಿಯ ಕೈ ತಣ್ಣಗಾಗಿತ್ತು. ಮೂರು ದಿನ ಸಂತಾಪಕ್ಕೆ ಬಂದವರಿಗೆಲ್ಲ ಕಹಿ ಕಾಫಿ ಹಂಚಿದ್ದು ಸೆನಾಯಿತ್. ಅವಳಿಗೆ ಸಂತಾಪ ಹೇಳಿದವರು ಯಾರೂ ಇಲ್ಲ. ಮುದುಕಿಯ ಮಗ ಕೆಟ್ಟವನಲ್ಲ. ಅಮ್ಮನೇ ಇಲ್ಲದ ಮೇಲೆ ನಿನ್ನ ಕೆಲಸದ ಪರವಾನಗಿ ನಾನು ಹೇಗೆ ಇಟ್ಟುಕೊಳ್ಳಲಿ, ಮನೆ ತೊಳೆದು ಬೀಗದ ಕೈ ಕೊಡು, ಊರಿಗೆ ಟಿಕೆಟ್ ತೆಗೆಸಿದ್ದೇನೆ ಎಂದ. ಕ್ರಿಸ್ಮಸ್ ಹಬ್ಬಕ್ಕೆ ಎರಡು ದಿನ ಮುಂಚಿನ ವಿಮಾನ.

ಊರು? ಯಾವ ಊರು? ಅಲ್ಲಿ ಮನೆಯಿಲ್ಲ. ಅಮ್ಮ ಯಾರದೋ ಹಿತ್ತಿಲ ಕೊಟ್ಟಿಗೆಯಲ್ಲಿ ಮಲಗುತ್ತಾಳೆ.

ಆ ಸಂಜೆ ರೊವೇನಾ ಸೀಮೆಎಣ್ಣೆ ಹೀಟರಿನ ಮುಂದೆ ಅವಳನ್ನು ಕೂರಿಸಿಕೊಂಡು, ಒಂದೇ ಒಂದು ಸಲ ಆ ಬೇಕರಿಯವನ ಹತ್ತಿರ ಮಾತಾಡಿ ಹೋಗು ಎಂದಳು. ಬಸ್ಸು ಬದಲಾಯಿಸು ಎಂದಿದ್ದವಳೇ ಇವಳು!

"ಏನಂತ ಮಾತಾಡ್ಲಿ? ಮಾತು ಬಿಟ್ಟವರು ಅವರು."

"ಯಾಕೆ ಬಿಟ್ರಿ ಅಂತ ಕೇಳು. ಅದನ್ನೂ ಕೇಳದೆ ಹೋದ್ರೆ ಸಾಯೋ ತನಕ ಕೊರಗ್ತೀಯ."

ಕೇಳಲೇಬೇಕು ಎಂದು ಸೆನಾಯಿತ್ ತೀರ್ಮಾನಿಸಿದ ದಿನವೇ ಹಿಮ ಬಿತ್ತು.

ಅಮ್ಮಾನಿನಲ್ಲಿ ಹಿಮ ಬಿದ್ದರೆ ಶಾಲೆ ಕಚೇರಿ ಎಲ್ಲಕ್ಕೂ ರಜೆ. ಊರಿಗೆ ಊರೇ ಬೇಕರಿಗಳ ಮುಂದೆ ಸಾಲು ನಿಲ್ಲುತ್ತದೆ, ನಾಳೆ ಬ್ರೆಡ್ಡೇ ಸಿಗುವುದಿಲ್ಲವೇನೋ ಎನ್ನುವಂತೆ. ಹಾಗಾಗಿ ವಸ್ಫಿಗೆ ರಜೆಯಿಲ್ಲ. ಬೀಗದ ಕೈ ಕೊಡಬೇಕಾದ ಸೆನಾಯಿತ್‌ಗೂ ಇಲ್ಲ. ಬಸ್ಸು ಅರ್ಧವೂ ತುಂಬಿರಲಿಲ್ಲ, ಆದರೂ ಡ್ರೈವರ್ ಹೊರಟ. ಅವಳು ಬಾಗಿಲ ಹತ್ತಿರದ ಸೀಟಿನಲ್ಲಿ, ಅವನು ಎರಡು ಸೀಟು ಹಿಂದೆ. ಇಳಿದ ಕೂಡಲೇ ಕೇಳುತ್ತೇನೆ, ಇಳಿದ ಕೂಡಲೇ... ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಇಳಿಜಾರಿನಲ್ಲಿ ಬಸ್ಸಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ತಿರುಗಿತು. ಡ್ರೈವರ್ ದೇವರ ಹೆಸರು ಹೇಳಿದ. ಬಸ್ಸು ಅಡ್ಡಡ್ಡ ಜಾರುತ್ತಾ ಹೋಗಿ ಗೋಡೆಗೆ ಬಡಿಯಿತು. ಗಾಜು ಒಡೆದ ಸದ್ದು. ಅದಕ್ಕೂ ಮೊದಲೇ ಯಾರೋ ಹಿಂದಿನಿಂದ ಹಾರಿ ಬಂದು ಅವಳ ತಲೆಗೆ ಅಡ್ಡವಾಗಿ ಕೈ ಒಡ್ಡಿದ್ದರು.

ವಸ್ಫಿ!

ಬಸ್ಸಿನಲ್ಲಿ ಯಾರಿಗೂ ಹೆಚ್ಚಿನ ಪೆಟ್ಟಾಗಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಅವನ ತೋಳಿನಿಂದ ರಕ್ತ ಸುರಿದು ಕೈಗವಸು ಒದ್ದೆಯಾಗುತ್ತಿತ್ತು. ಸೆನಾಯಿತ್ ಹಿಂದುಮುಂದು ನೋಡಲಿಲ್ಲ. ಟೋಪಿ ಕಿತ್ತೆಸೆದಳು, ತಲೆವಸ್ತ್ರ ಎಳೆದು ಬಿಚ್ಚಿದಳು, ಅವನ ಗವಸು ಕಳಚಿ, ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು.

ಅವಳ ಕೈ ಅಲ್ಲೇ ನಿಂತುಬಿಟ್ಟಿತು.

ಬಲಗೈ ಮಣಿಕಟ್ಟಿನ ಒಳಗಡೆ ಒಂದು ಸಣ್ಣ ಶಿಲುಬೆ. ಹಸಿರು ಹಚ್ಚೆ. ಈಜಿಪ್ಟಿನ ಕ್ರೈಸ್ತರ ಮನೆಗಳಲ್ಲಿ ಮಕ್ಕಳಿಗೆ ಹಾಕಿಸುವುದು.

ತಲೆಯೆತ್ತಿದಳು. ಅವನಿಗೆ ನೋವಿನ ಪರಿವೆಯೇ ಇದ್ದಂತಿರಲಿಲ್ಲ. ಅವಳ ಹಣೆಯನ್ನೇ ನೋಡುತ್ತಿದ್ದ.

"ನೀವು..." ಎಂದ.

"ನೀವೂ..." ಎಂದಳು.

ಸೆನಾಯಿತ್ ತಲೆವಸ್ತ್ರವನ್ನು ಗಾಯಕ್ಕೆ ಬಿಗಿದು ಕಟ್ಟಿದಳು. ಇದೇ ಕೈ ದಿನವೂ ಪಕ್ಕದಲ್ಲೇ ಇತ್ತಲ್ಲ ದೇವರೇ, ಒಂದು ಗವಸಿನ ಒಳಗೆ!

ಹಿಮ ತುಳಿಯುತ್ತಾ ಇಬ್ಬರೂ ಇಳಿಜಾರಿನ ಕೆಳಗಿದ್ದ ದವಾಖಾನೆಗೆ ನಡೆದರು. ದಾರಿಯಲ್ಲಿ ಒಂದೊಂದೇ ಹೊರಗೆ ಬಂತು. ಅವನೂ ಅದೇ ಉಪವಾಸದಲ್ಲಿದ್ದ. ತಾನು ಮುಟ್ಟದ ಚೀಸ್ ಬನ್ನನ್ನು, ಈಕೆ ಮುಸ್ಲಿಮಳು, ತಿನ್ನುತ್ತಾಳೆ ಎಂದು ತರುತ್ತಿದ್ದ. ಅವಳು ಮುದುಕನಿಗೆ ಕೊಟ್ಟಿದ್ದನ್ನು ನೋಡಿದಾಗ, ನಾನು ಕ್ರೈಸ್ತ ಎಂದು ಇವಳಿಗೆ ತಿಳಿದುಹೋಯಿತು, ನನ್ನ ಕೈಯ ತಿಂಡಿ ಇವಳಿಗೆ ಹೇಸಿಗೆ ಎಂದುಕೊಂಡ.

"ಒಂದು ಮಾತು ಕೇಳಬಾರದಿತ್ತಾ?" ಸೆನಾಯಿತ್‌ಗೆ ಸಿಟ್ಟೂ ಬಂತು, ಅಳುವೂ ಬಂತು.

"ಹೆದರಿಕೆ," ಎಂದ ವಸ್ಫಿ.

ಆಮೇಲೆ ಅಣ್ಣನ ಕಥೆ ಹೇಳಿದ. ಅಣ್ಣ ಊರಿನಲ್ಲಿ ಒಬ್ಬ ಮುಸ್ಲಿಂ ಹುಡುಗಿಯನ್ನು ಇಷ್ಟಪಟ್ಟಿದ್ದ. ಹುಡುಗಿಗೂ ಇಷ್ಟವೇ. ಎರಡೂ ಮನೆಯವರು ಅಕ್ಕಪಕ್ಕದಲ್ಲಿ ಚೆನ್ನಾಗಿದ್ದವರು. ವಿಷಯ ಹೊರಬಿದ್ದ ಮೇಲೆ ಆ ಹುಡುಗಿಯನ್ನು ಎಲ್ಲಿಗೆ ಕಳಿಸಿದರೋ ಯಾರಿಗೂ ತಿಳಿಯಲಿಲ್ಲ. ಇವರ ಮನೆಯವರು ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು. ಈಗ ಕೈರೋದ ಶುಬ್ರಾದಲ್ಲಿ ಒಂದು ಕೋಣೆಯಲ್ಲಿ ಅಮ್ಮ, ಅಣ್ಣ. ಅಣ್ಣ ಅಂದಿನಿಂದ ಹೆಚ್ಚು ಮಾತಾಡುವುದಿಲ್ಲ.

"ನಿಮ್ಮನ್ನ ನೋಡಿದಾಗಲೆಲ್ಲ ಆ ಹುಡುಗಿ ನೆನಪಾಗ್ತಿದ್ಲು. ನಿಮಗೂ ಹಾಗೇ ಆದ್ರೆ ಅಂತ..."

ಇಷ್ಟು ದಿನ ದೂರ ನಿಂತವನು ತನ್ನನ್ನು ಕಾಪಾಡಲು ದೂರ ನಿಂತಿದ್ದ! ಸೆನಾಯಿತ್ ಈ ಸಲ ತಾನೇ ಗಾಳಿ ಬೀಸುವ ಕಡೆಗೆ ಬಂದು ನಡೆದಳು.

ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಹೊರಗಿನ ಬೆಂಚಿನ ಮೇಲೆ ಇಬ್ಬರೇ ಕೂತರು. ಇಲ್ಲಿ ಎಬ್ಬಿಸಿ ಅದಲು ಬದಲು ಮಾಡುವ ಕಂಡಕ್ಟರ್ ಇರಲಿಲ್ಲ. ಆಗ ಅವಳು ಟಿಕೆಟ್ಟಿನ ವಿಷಯ ಹೇಳಿದಳು.

ಮನಸ್ಸು ಬಿಚ್ಚುವ ಹೊತ್ತಿಗೆ ವಿಮಾನ ಬಂದು ನಿಂತಿತ್ತು. ತಾನೂ ಪರವೂರಿನ ಕೂಲಿ, ಇಲ್ಲಿ ಅವಳನ್ನು ಇರಿಸಿಕೊಳ್ಳುವ ಹಕ್ಕು ತನಗಿಲ್ಲ ಎಂದು ವಸ್ಫಿಯೇ ಹೇಳಿದ. ಉಪವಾಸ ಮುಗಿಯುವ ತನಕ ಯಾವ ಪಾದ್ರಿಯೂ ಮದುವೆ ಮಾಡಿಸುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

"ಟಿಕೆಟ್ ಒಂದು ವಾರ ಮುಂದೆ ಹಾಕ್ತಾರಾ, ಕೇಳಿ ನೋಡಿ," ಎಂದ ಕೊನೆಗೆ. "ಹಬ್ಬ ಕಳೀಲಿ. ಇಲ್ಲೇ ಇಗರ್ಜಿಯಲ್ಲಿ ಮದುವೆ ಆಗೋಣ. ಆಮೇಲೆ ಇಬ್ಬರೂ ಕೈರೋಗೆ ಹೋಗೋಣ."

"ಇಬ್ಬರೂನಾ? ನಿಮ್ಮ ಕೆಲಸ?"

"ಬಿಟ್ಟು ಹೋದ್ರೆ ಮತ್ತೆ ಈ ದೇಶಕ್ಕೆ ಸೇರಿಸ್ಕೊಳ್ಳೋದು ಕಷ್ಟ. ಗೊತ್ತು." ಅವನು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. "ಸುಳ್ಳು ಹೇಳಲ್ಲ ಸೆನಾಯಿತ್. ಒಂದೇ ಕೋಣೆ. ಅಣ್ಣ ಮಾತಾಡಲ್ಲ, ಅವನ ಪಾಲಿಂದೂ ಸೇರಿಸಿ ಅಮ್ಮ ಮಾತಾಡ್ತಾಳೆ. ನಿಮ್ಮ ಅಮ್ಮನ್ನ ಕರೆಸಿಕೊಳ್ಳೋಕೆ ವರ್ಷಗಳೇ ಹಿಡೀಬಹುದು. ಸುಖ ಅಂತ ಹೇಳಿ ಕರೆಯೋಕೆ ನನ್ನ ಹತ್ರ ಏನೂ ಇಲ್ಲ."

ಸೆನಾಯಿತ್ ಫೋನ್ ತೆಗೆದು ಮುದುಕಿಯ ಮಗನಿಗೆ ಮಾತಾಡಿದಳು. ಆತ ಗೊಣಗಿದ, ಬೈದ, ಅಮ್ಮನ ಕೊನೆಗಾಲದಲ್ಲಿ ನೀನೇ ನೋಡಿಕೊಂಡೆ ಎಂದು ಮೆತ್ತಗಾದ. ಆಮೇಲೆ ಒಂದು ವಾರ, ಅಷ್ಟೇ ಎಂದ.

ಫೋನ್ ಇಟ್ಟರೂ ಅವಳು ವಸ್ಫಿಯ ಕಡೆ ತಿರುಗಲಿಲ್ಲ. ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಅದನ್ನು ಕೀಳದೆ ಹೂಂ ಎನ್ನಲು ಅವಳಿಂದ ಆಗುತ್ತಿರಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳಿ. ನನ್ನ ಹಣೆ ಮೇಲೆ ಇದು ಇಲ್ಲದೇ ಇದ್ದಿದ್ರೆ, ಇವತ್ತು ನನ್ನ ಕೇಳ್ತಿದ್ರಾ?"

ವಸ್ಫಿ ಅವಳ ಹಣೆಯ ಕಡೆ ನೋಡಿದ.

"ಇಲ್ಲ," ಎಂದ. "ಕೇಳ್ತಿರಲಿಲ್ಲ. ಅಷ್ಟು ಧೈರ್ಯ ನನಗಿಲ್ಲ. ನೀವು ಹೋದ ಮೇಲೂ ಅದೇ ಬಸ್ಸಿಗೆ ಬಂದು, ಗಾಳಿ ಬೀಸೋ ಕಡೆಗೆ ನಿಂತಿರ್ತಿದ್ದೆ. ಬೇರೆ ಯಾರನ್ನೂ ಕೇಳ್ತಿರಲಿಲ್ಲ."

ಸೆನಾಯಿತ್ ತಲೆ ತಗ್ಗಿಸಿದಳು. ಸುಳ್ಳು ಹೇಳಿದ್ದರೆ ಎದ್ದು ಹೋಗುತ್ತಿದ್ದಳೇನೋ.

"ನಾನೂ ಕೇಳ್ತಿರಲಿಲ್ಲ," ಎಂದಳು. "ವಿಮಾನದಲ್ಲಿ ಕೂತು ಅಳ್ತಿದ್ದೆ, ಅಷ್ಟೇ."

"ಈಗ?"

"ಈಗ ಇಲ್ಲೇ ಅಳ್ತಾ ಇದ್ದೀನಲ್ಲ, ಕಾಣಲ್ವಾ ನಿಮಗೆ?"

ವಸ್ಫಿ ಗಾಯವಿಲ್ಲದ ಕೈಯನ್ನು ಬೆಂಚಿನ ಮೇಲೆ, ಅವಳ ಕೈಯ ಪಕ್ಕಕ್ಕೆ ಇಟ್ಟ. ಅವಳು ಅದನ್ನು ಹಿಡಿದುಕೊಂಡಳು.